ಹಿಮನದಿಯ ಎತ್ತರ ಎಷ್ಟು ಇಳಿದಿದೆ? ಉಪಗ್ರಹದ ಲೇಸರ್‌ನಿಂದ ಅಳೆಯಲು ಹಂತ ಹಂತದ ಮಾರ್ಗದರ್ಶಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಹಿಮನದಿ ಆರಿಸಿಕೊಂಡು ಬಂದಾಗ ನಾನು ಮೊದಲು ಅವರ ಗ್ರಾಫ್ ನೋಡುತ್ತೇನೆ. ಹೆಚ್ಚಿನವು ಒಂದೇ ಥರ ತಪ್ಪಿರುತ್ತವೆ. ಒಬ್ಬರ ಹಿಮನದಿ ಹತ್ತಾರು ಮೀಟರ್ ಕುಸಿದಿರುತ್ತದೆ. ಇನ್ನೊಬ್ಬರದ್ದು ಒಂದು ದಂಡೆಯಲ್ಲಿ ಏರಿ ಇನ್ನೊಂದು ದಂಡೆಯಲ್ಲಿ ಇಳಿದಿರುತ್ತದೆ. ಮತ್ತೊಬ್ಬರದ್ದು ಆರು ತಿಂಗಳಲ್ಲೇ ಮೂರು ಮೀಟರ್ ಬೆಳೆದಿರುತ್ತದೆ. ಪ್ರೋಗ್ರಾಂ ಎಲ್ಲೂ ನಿಂತಿಲ್ಲ, ಎರರ್ ಬಂದಿಲ್ಲ. ಆದರೂ ಬಂದ ಉತ್ತರ ಹಿಮನದಿಯದ್ದಲ್ಲ.

ಎರಡು ಎತ್ತರಗಳನ್ನು ಕಳೆಯುವುದು ಒಂದು ಸಾಲಿನ ಕೆಲಸ. ಕಳೆಯುವ ಮುಂಚೆ ಮೂರು ವಿಷಯ ಖಾತ್ರಿ ಮಾಡಿಕೊಳ್ಳಬೇಕು: ಎರಡೂ ಎತ್ತರ ಅದೇ ಜಾಗದ್ದಾ, ಅದೇ ಸೊನ್ನೆಯಿಂದ ಅಳೆದದ್ದಾ, ಅದೇ ಋತುವಿನದ್ದಾ? ಕೆಳಗಿನ ಹಂತಗಳೆಲ್ಲ ಈ ಮೂರಕ್ಕಾಗಿಯೇ ಇವೆ. ಕ್ರಮ ಬದಲಿಸಬೇಡಿ. ಹಂತ 5 ಮತ್ತು 6ನ್ನು ಅದಲುಬದಲು ಮಾಡಿದವರೇ ಜಾಸ್ತಿ ಕಷ್ಟಪಟ್ಟಿದ್ದಾರೆ.

## ಏನೇನು ಬೇಕು

8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ನಾಸಾದ ಅರ್ಥ್‌ಡೇಟಾ ಖಾತೆ ತೆರೆಯಿರಿ, ದುಡ್ಡು ಕೊಡಬೇಕಿಲ್ಲ. ನಕ್ಷೆ ನೋಡಲು ಕ್ಯೂಜಿಐಎಸ್, ಲೆಕ್ಕಕ್ಕೆ ಪೈಥಾನ್. ಪೈಥಾನ್‌ನಲ್ಲಿ ಐಸ್‌ಪಿಕ್ಸ್ ಅಥವಾ ಸ್ಲೈಡ್‌ರೂಲ್ (ದತ್ತಾಂಶ ತರಿಸಲು), ಜಿಯೋಪಾಂಡಾಸ್ (ಬಿಂದುಗಳಿಗೆ), ಎಕ್ಸ್‌ಡೆಮ್ (ಜೋಡಣೆಗೆ) ಹಾಕಿಕೊಳ್ಳಿ. ಎಲ್ಲವೂ ಉಚಿತ.

ಜೊತೆಗೆ ಒಂದು ನೋಟ್‌ಬುಕ್, ಕಾಗದದ್ದೇ. ಪ್ರತಿ ಹಂತದಲ್ಲಿ ಎಷ್ಟು ಬಿಂದುಗಳು ಒಳಗೆ ಬಂದವು, ಎಷ್ಟು ಉಳಿದವು ಎಂದು ಬರೆಯಿರಿ. ಕೊನೆಗೆ ತಪ್ಪು ಎಲ್ಲಿ ನುಸುಳಿತು ಎಂದು ಹುಡುಕುವಾಗ ಈ ಪಟ್ಟಿಯೇ ಕೈ ಹಿಡಿಯುತ್ತದೆ.

## ಹಂತ 1: ತುಂಗಭದ್ರೆಯ ನೀರಿನ ಮೇಲೆ ಕೈ ಪಳಗಿಸಿ

ನೇರವಾಗಿ ಹಿಮಾಲಯಕ್ಕೆ ಹೋಗಬೇಡಿ. ಅಲ್ಲಿ ಬಂದ ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ತುಂಗಭದ್ರಾ ಜಲಾಶಯದಲ್ಲಾದರೆ ತಾಳೆ ನೋಡಲು ದಾರಿ ಇದೆ. ನೀರಿನ ಮಟ್ಟ ದಿನವೂ ಅಡಿಗಳಲ್ಲಿ ಪ್ರಕಟವಾಗುತ್ತದೆ. ಪೂರ್ಣ ಮಟ್ಟ 1,633 ಅಡಿ, ಅಂದರೆ 497.74 ಮೀಟರ್. ನೀರಿನ ಮೇಲ್ಮೈಗೆ ಇಳಿಜಾರಿಲ್ಲ, ಹಾಗಾಗಿ ತಪ್ಪು ಕಂಡರೆ ಅದು ನಿಮ್ಮ ಲೆಕ್ಕದ್ದೇ.

ಬಳಸುವ ಉಪಗ್ರಹ ನಾಸಾದ ಐಸ್‌ಸ್ಯಾಟ್-2. ಸುಮಾರು 500 ಕಿ.ಮೀ. ಎತ್ತರದಿಂದ ಸೆಕೆಂಡಿಗೆ 10,000 ಸಲ ಹಸಿರು ಲೇಸರ್ ಮಿಡಿಸುತ್ತದೆ. ಬೆಳಕು ಹೋಗಿ ಬರುವ ಸಮಯದಿಂದ ದೂರ ತಿಳಿಯುತ್ತದೆ. ಒಂದು ನ್ಯಾನೋಸೆಕೆಂಡ್ ತಪ್ಪಿದರೆ ಎತ್ತರ 15 ಸೆಂ.ಮೀ. ತಪ್ಪುತ್ತದೆ. ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆ ಸುಮಾರು 11 ಮೀಟರ್ ಅಗಲ. ಒಂದು ಚುಕ್ಕೆಗೂ ಮುಂದಿನದಕ್ಕೂ ನಡುವೆ 70 ಸೆಂ.ಮೀ. ಮಾತ್ರ.

ಇಲ್ಲೊಂದು ಗೊಂದಲ ಎಲ್ಲರಿಗೂ ಬರುತ್ತದೆ. ಹಿಮನದಿಗೆ ಬಳಸುವ ಎಟಿಎಲ್06 ಎಂಬ ದತ್ತಾಂಶ ಹಿಮ ಪ್ರದೇಶಗಳಿಗೆ ಮಾತ್ರ ತಯಾರಾಗುತ್ತದೆ. ಹೊಸಪೇಟೆ, ಮುನಿರಾಬಾದ್ ಮೇಲೆ ಅದನ್ನು ಹುಡುಕಿದರೆ ಸಿಗುವುದಿಲ್ಲ. ಕೆರೆ ಮತ್ತು ಜಲಾಶಯಗಳಿಗೆ ಎಟಿಎಲ್13 ಇದೆ. ಅದನ್ನು ತನ್ನಿ. ಇಲ್ಲವೇ ಸ್ಲೈಡ್‌ರೂಲ್‌ಗೆ ಜಲಾಶಯದ ಗಡಿ ಕೊಟ್ಟು ಎಟಿಎಲ್06 ಮಾದರಿಯಲ್ಲೇ ಲೆಕ್ಕ ಹಾಕಿಸಿ. ನನಗೆ ಎರಡನೆಯದೇ ಇಷ್ಟ. ಮುಂದೆ ಹಿಮನದಿಗೂ ಅದೇ ಪ್ರೋಗ್ರಾಂ ಬಳಸಬಹುದು.

ಬಿಂದುಗಳನ್ನು ನಕ್ಷೆಯ ಮೇಲೆ ಹಾಕಿ ನೋಡಿ. ಅವು ಉತ್ತರ ಧ್ರುವದ ಹತ್ತಿರ, ಸ್ವಾಲ್ಬಾರ್ಡ್ ಪಕ್ಕದ ಸಮುದ್ರದಲ್ಲಿ ಬಿದ್ದವಾ? ಹಾಗಾದರೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ನಮ್ಮ ಜಲಾಶಯ ಇರುವುದು 15.3 ಉತ್ತರ, 76.3 ಪೂರ್ವದಲ್ಲಿ. ತಿರುಗಿಸಿದರೆ ಸರಿಯಾಗಿ ಅಲ್ಲಿಗೇ ಹೋಗುತ್ತದೆ.

ಈಗ ಎತ್ತರ ನೋಡಿ. ಜಲಾಶಯ ತುಂಬಿದ್ದ ದಿನವೂ ಅದು 497 ಇರುವುದಿಲ್ಲ, ಸುಮಾರು 80 ಮೀಟರ್ ಕಡಿಮೆ ಇರುತ್ತದೆ. ಇದು ದೋಷವಲ್ಲ. ಉಪಗ್ರಹ ಎಣಿಸುವುದು ಭೂಮಿಯ ಗಣಿತದ ಆಕಾರದಿಂದ, ಅದಕ್ಕೆ ಎಲಿಪ್ಸಾಯ್ಡ್ ಎನ್ನುತ್ತಾರೆ. ಅಣೆಕಟ್ಟಿನವರು ಎಣಿಸುವುದು ಸಮುದ್ರ ಮಟ್ಟದಿಂದ. ಸಮುದ್ರ ಮಟ್ಟವನ್ನು ನೆಲದ ಕೆಳಗೂ ಎಳೆದರೆ ಸಿಗುವ ಉಬ್ಬುತಗ್ಗಿನ ಮೇಲ್ಮೈ ಜಿಯಾಯ್ಡ್. ದಕ್ಷಿಣ ಭಾರತದಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ ತುಂಬ ಕೆಳಗಿದೆ. ಈ 80 ಮೀಟರ್ ಅನ್ನು ನಿಮ್ಮ ಊರಿನ ನೀರಿನ ಮೇಲೆ ನೀವೇ ಒಮ್ಮೆ ನೋಡಿಬಿಡಿ. ಹಿಮಾಲಯದಲ್ಲಿ ಇದನ್ನು ಮರೆಯುವುದಿಲ್ಲ.

ನಂತರ ಮೋಡವಿಲ್ಲದ ಎರಡು ದಿನ ಆರಿಸಿ. ಒಂದು ಜಲಾಶಯ ತುಂಬಿದ್ದ ಕಾಲದ್ದು, ಇನ್ನೊಂದು ಬೇಸಿಗೆಯದ್ದು. ಒಳಹರಿವು ಜೋರಾಗಿದ್ದ ದಿನ ಬೇಡ, ಆಗ ಗಂಟೆಗಂಟೆಗೆ ಮಟ್ಟ ಬದಲಾಗುತ್ತದೆ. ದಡದ ಬಿಂದುಗಳೂ ಬೇಡ. ಹಸಿರು ಬೆಳಕು ತಿಳಿನೀರಿನೊಳಗೆ ಇಳಿದು ತಳ ಮುಟ್ಟಿ ಬರಬಹುದು. ಎರಡೂ ದಿನಗಳ ಮಧ್ಯಾಂಕ ತೆಗೆದು ಕಳೆಯಿರಿ. ಪ್ರಕಟವಾದ ಮಟ್ಟಗಳ ವ್ಯತ್ಯಾಸವನ್ನು 0.3048ರಿಂದ ಗುಣಿಸಿ ಮೀಟರ್ ಮಾಡಿಕೊಂಡು ಹೋಲಿಸಿ. 20 ಸೆಂ.ಮೀ. ಒಳಗೆ ಹೊಂದಿದರೆ ಮುಂದೆ ಹೋಗಿ. ಹೊಂದದಿದ್ದರೆ ಇಲ್ಲೇ ನಿಲ್ಲಿ, ಎಷ್ಟು ದಿನವಾದರೂ ಸರಿ.

## ಹಂತ 2: ಪ್ರದೇಶ ಆರಿಸಿ, ಒಂದೇ ಸಣ್ಣ ಹಿಮನದಿ ಬೇಡ

ಫೋಟೋದಲ್ಲಿ ಚೆಂದ ಕಂಡ ಒಂದು ಸಣ್ಣ ಹಿಮನದಿ ಹಿಡಿದುಕೊಂಡು ಬರುವವರು ತುಂಬ ಜನ. ಅದರ ಮೇಲೆ ಉಪಗ್ರಹ ಎಷ್ಟು ಸಲ ಹಾದಿದೆ ಎಂದು ಮೊದಲು ಎಣಿಸಿ.

ಐಸ್‌ಸ್ಯಾಟ್-2ಗೆ ಒಟ್ಟು 1,387 ದಾರಿಗಳಿವೆ, 91 ದಿನಕ್ಕೊಂದು ಸುತ್ತು. ಗಂಗೋತ್ರಿಯ ಅಕ್ಷಾಂಶದಲ್ಲಿ ಒಂದು ದಿಕ್ಕಿಗೆ ಹೋಗುವ ದಾರಿಗಳ ನಡುವೆ ಸುಮಾರು 25 ಕಿ.ಮೀ. ಅಂತರವಿರುತ್ತದೆ. ಪ್ರತಿ ದಾರಿಯಲ್ಲಿ ಆರು ಲೇಸರ್ ಗೆರೆಗಳು, ಮೂರು ಜೋಡಿ. ಜೋಡಿಯಿಂದ ಜೋಡಿಗೆ 3.3 ಕಿ.ಮೀ., ಜೋಡಿಯೊಳಗೆ 90 ಮೀಟರ್. ಎರಡು ಕಿ.ಮೀ. ಅಗಲದ ಹಿಮನದಿ ಈ ಗೆರೆಗಳ ನಡುವೆ ಸುಲಭವಾಗಿ ತಪ್ಪಿಹೋಗುತ್ತದೆ.

ಇನ್ನೊಂದು ಮಾತು ಬಹಳ ಮುಖ್ಯ. ಧ್ರುವ ಪ್ರದೇಶಗಳಲ್ಲಿ ಉಪಗ್ರಹ ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹಾಯುತ್ತದೆ. ನಮ್ಮ ಅಕ್ಷಾಂಶಗಳಲ್ಲಿ ಹಾಗಲ್ಲ. ಕಾಡುಗಳನ್ನು ದಟ್ಟವಾಗಿ ಅಳೆಯಲೆಂದು ಬೇಕೆಂದೇ ಅದನ್ನು ಸುತ್ತಿನಿಂದ ಸುತ್ತಿಗೆ ಪಕ್ಕಕ್ಕೆ ತಿರುಗಿಸುತ್ತಾರೆ. ಆದ್ದರಿಂದ ಹಿಮಾಲಯದಲ್ಲಿ 2019ರ ಬಿಂದುವಿನ ಮೇಲೆಯೇ 2023ರ ಬಿಂದು ಬೀಳುತ್ತದೆ ಎಂದು ಕಾಯಬೇಡಿ. ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್ ಮೇಲೆ ಮಾಡಿದ ಪ್ರೋಗ್ರಾಂ ನಕಲು ಮಾಡಿ ಸೋಲುವುದು ಇಲ್ಲಿಯೇ.

ನನ್ನ ಸಲಹೆ: ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಉದ್ದದ ಪ್ರದೇಶ ತೆಗೆದುಕೊಳ್ಳಿ. ಅದರೊಳಗಿನ ಎಲ್ಲ ಹಿಮನದಿಗಳನ್ನೂ ಒಟ್ಟಿಗೆ ಲೆಕ್ಕ ಹಾಕಿ. ಗಂಗೋತ್ರಿ ಸುಮಾರು 30 ಕಿ.ಮೀ. ಉದ್ದವಿದೆ, ಅದೊಂದನ್ನೇ ಮಾಡಲು ಧೈರ್ಯ ಮಾಡಬಹುದು. ಲಾಹೌಲ್-ಸ್ಪಿತಿಯ ಛೋಟಾ ಶಿಗ್ರಿ 15 ಚದರ ಕಿ.ಮೀ. ಆಸುಪಾಸು. 2002ರಿಂದ ಅದರ ಮೇಲೆ ವಿಜ್ಞಾನಿಗಳು ನಡೆದು ಅಳೆಯುತ್ತಿದ್ದಾರೆ, ಹಾಗಾಗಿ ಹೋಲಿಕೆಗೆ ಒಳ್ಳೆಯದು. ಆದರೆ ಅದನ್ನು ಲೇಸರ್‌ನಿಂದ ಒಂಟಿಯಾಗಿ ಮಾಡಲು ಹೋಗಬೇಡಿ.

## ಹಂತ 3: ಗಡಿ ಎಳೆಯಿರಿ, ಒಳಗೂ ಹೊರಗೂ

ಹಿಮನದಿಗಳ ಗಡಿಗೆ ರ‍್ಯಾಂಡೋಲ್ಫ್ ಹಿಮನದಿ ಪಟ್ಟಿಯ 7.0 ಆವೃತ್ತಿ ಇಳಿಸಿಕೊಳ್ಳಿ. ಅದರ ಗಡಿಗಳು 2000ದ ಆಸುಪಾಸಿನವು. ಮೂತಿ (ಹಿಮನದಿಯ ಕೆಳತುದಿ) ಹಿಂದೆ ಸರಿದಿದ್ದರೂ ಹಳೆಯ ಗಡಿಯನ್ನು ಹಾಗೆಯೇ ಇಟ್ಟುಕೊಳ್ಳಿ. ಹಿಮ ಹೋದ ಜಾಗವೂ ನಷ್ಟವೇ ಅಲ್ವಾ? ಮೂತಿಯ ಮುಂದೆ ಹೊಸ ಕೆರೆ ಹುಟ್ಟಿದ್ದರೆ ಅದನ್ನು ಬೇರೆ ಗುರುತು ಮಾಡಿ. ಅಲ್ಲಿ ಲೇಸರ್ ಅಳೆಯುವುದು ನೀರನ್ನು.

ಎರಡನೆಯ ಗಡಿಯನ್ನು ಬಹಳ ಜನ ಮಾಡುವುದೇ ಇಲ್ಲ. ಅದು ಕದಲದ ನೆಲದ ಗಡಿ, ಅಂದರೆ ಹಿಮನದಿಯ ಹೊರಗಿನ ಬಂಡೆ, ಗುಡ್ಡ. ಅಲ್ಲಿ ಎತ್ತರದ ಬದಲಾವಣೆ ಸೊನ್ನೆ ಬರಬೇಕು. ಬರದಿದ್ದರೆ ಎಷ್ಟು ತಪ್ಪಿದೆ ಎಂದು ಅದೇ ಹೇಳುತ್ತದೆ. ಹಿಮನದಿಯ ಅಂಚಿನಿಂದ ಕನಿಷ್ಠ 200 ಮೀಟರ್ ಬಿಟ್ಟು ಹೊರಗೆ ಹೋಗಿ. ಅಂಚಿನ ಕಲ್ಲುಮಣ್ಣಿನ ದಿಬ್ಬಗಳೊಳಗೆ ಹಿಮ ಹೂತಿರುತ್ತದೆ. ಅದು ಕರಗಿದಾಗ ದಿಬ್ಬವೂ ಕುಸಿಯುತ್ತದೆ.

## ಹಂತ 4: ದತ್ತಾಂಶ ಇಳಿಸಿ, ಸೋಸಿ

ಎಟಿಎಲ್06 ದತ್ತಾಂಶ 2018ರ ಅಕ್ಟೋಬರ್ ಮಧ್ಯದಿಂದ ಸಿಗುತ್ತದೆ. ಪ್ರತಿ ಎತ್ತರವೂ 40 ಮೀಟರ್ ಉದ್ದದ ಒಂದು ತುಂಡಿಗೆ ಎಳೆದ ಗೆರೆಯಿಂದ ಬಂದದ್ದು. ತುಂಡುಗಳು 20 ಮೀಟರ್‌ಗೊಂದು, ಅಂದರೆ ಅಕ್ಕಪಕ್ಕದವು ಅರ್ಧರ್ಧ ಒಂದರ ಮೇಲೊಂದು ಕೂತಿವೆ. ಈ ಮಾತು ಹಂತ 9ಕ್ಕೆ ಬೇಕಾಗುತ್ತದೆ, ನೋಟ್‌ಬುಕ್‌ನಲ್ಲಿ ಬರೆದಿಡಿ. ಎಲ್ಲ ಫೈಲುಗಳೂ ಒಂದೇ ಆವೃತ್ತಿಯವು ಇರಲಿ. ಅರ್ಧ ಹಳೆಯದು, ಅರ್ಧ ಹೊಸದು ಸೇರಿಸಬೇಡಿ.

ಸೋಸುವಾಗ ಮೊದಲು ಖಾಲಿ ಮೌಲ್ಯ ತೆಗೆಯಿರಿ. ಅಳತೆ ಸಿಗದ ಕಡೆ ಫೈಲಿನಲ್ಲಿ 39 ಅಂಕಿಗಳ ಒಂದು ದೈತ್ಯ ಸಂಖ್ಯೆ ಕೂತಿರುತ್ತದೆ. ಒಂದೇ ಒಂದು ಉಳಿದರೂ ಸರಾಸರಿ ಕೆಡುತ್ತದೆ. ನಂತರ ಗುಣಮಟ್ಟದ ಕಾಲಂ ನೋಡಿ. ಅಲ್ಲಿ 0 ಎಂದರೆ ಒಳ್ಳೆಯದು, 1 ಎಂದರೆ ಅನುಮಾನ. ಹೊಸಬರು 1 ಅನ್ನು ಒಳ್ಳೆಯದೆಂದು ಇಟ್ಟುಕೊಂಡು, ಒಳ್ಳೆಯದನ್ನೆಲ್ಲ ಎಸೆದದ್ದನ್ನು ನೋಡಿದ್ದೇನೆ. ಕಡಿದಾದ ಇಳಿಜಾರಿನಲ್ಲಿ ಈ ಕಾಲಂ ಕೆಲವು ಒಳ್ಳೆಯ ಅಳತೆಗಳನ್ನೂ ತೆಗೆಯುತ್ತದೆ. ಮೊದಲ ಸಲಕ್ಕೆ ಅದೇ ಇರಲಿ.

ಸಮಯದ ಕಾಲಂನಲ್ಲಿರುವುದು 2018ರ ಜನವರಿ 1ರಿಂದ ಕಳೆದ ಸೆಕೆಂಡುಗಳು. ಪೈಥಾನ್‌ಗೆ ಹೇಳದಿದ್ದರೆ ಅದು 1970ರಿಂದ ಎಣಿಸುತ್ತದೆ. ನಿಮ್ಮ ಅಳತೆಗಳೆಲ್ಲ 1970ರ ದಶಕಕ್ಕೆ ಹೋಗಿದ್ದರೆ ಕಾರಣ ಇದು.

ಜೋಡಿಯ ಎರಡು ಲೇಸರ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಸುಮಾರು ನಾಲ್ಕು ಪಟ್ಟು ಬಲವಾದದ್ದು. ಬಲವಾದದ್ದು ಎಡಕ್ಕೋ ಬಲಕ್ಕೋ ಎನ್ನುವುದು ಸ್ಥಿರವಲ್ಲ, ಉಪಗ್ರಹ ಆಗಾಗ ಮುಖ ತಿರುಗಿಸುತ್ತದೆ. ದಿಕ್ಕಿನ ಕಾಲಂ ನೋಡಿಯೇ ನಿರ್ಧರಿಸಿ. ಹಿಮದ ಬಿಳಿ ಮೇಲ್ಮೈ ಹಸಿರು ಬೆಳಕನ್ನು ಚೆನ್ನಾಗಿ ಹಿಂತಿರುಗಿಸುವುದರಿಂದ ದುರ್ಬಲ ಲೇಸರ್ ಕೂಡ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಮೋಡ ಲೇಸರ್‌ನ ಶತ್ರು. ದಪ್ಪ ಮೋಡವಿದ್ದರೆ ಅಳತೆಯೇ ಇಲ್ಲ, ಅದು ಗೊತ್ತಾಗುತ್ತದೆ. ತೆಳು ಮೋಡ ಮೋಸ ಮಾಡುತ್ತದೆ. ಬೆಳಕು ಅದರೊಳಗೆ ಚದುರಿ ತಡವಾಗಿ ಬರುತ್ತದೆ, ನೆಲ ಕೆಳಗಿದ್ದಂತೆ ಕಾಣುತ್ತದೆ. ನೆಲದ ಎತ್ತರದ ನಕ್ಷೆಯಿಂದ (ಹಂತ 5ರಲ್ಲಿ ವಿವರಿಸಿದ್ದೇನೆ) 100 ಮೀಟರ್‌ಗಿಂತ ಆಚೀಚೆ ಇರುವ ಬಿಂದುಗಳನ್ನು ಈ ಹಂತದಲ್ಲೇ ಬಿಡಿ.

## ಹಂತ 5: ನೆಲದ ನಕ್ಷೆಯನ್ನು ಅದೇ ಸೊನ್ನೆಗೆ ತನ್ನಿ

ಬಿಂದುಗಳು ಒಂದರ ಮೇಲೊಂದು ಬೀಳುವುದಿಲ್ಲ ಎಂದೆವು. ಹಾಗಾದರೆ ಹೋಲಿಸುವುದು ಹೇಗೆ? ನಡುವೆ ಒಂದು ನೆಲದ ನಕ್ಷೆ ಇಟ್ಟುಕೊಳ್ಳಬೇಕು. ಪ್ರತಿ ಚೌಕಕ್ಕೂ ಎತ್ತರವಿರುವ ಈ ನಕ್ಷೆಗೆ ಡೆಮ್ ಎನ್ನುತ್ತಾರೆ. ಪ್ರತಿ ಲೇಸರ್ ಬಿಂದುವಿನಿಂದ ಅದೇ ಜಾಗದ ಡೆಮ್ ಎತ್ತರ ಕಳೆಯಿರಿ. ಉಳಿದದ್ದು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎನ್ನುವುದೇ ನಿಮ್ಮ ಉತ್ತರ.

ಉಚಿತವಾಗಿ ಸಿಗುವವು ಮುಖ್ಯವಾಗಿ ಎರಡು. ಎಸ್‌ಆರ್‌ಟಿಎಂ 2000ದ ಫೆಬ್ರವರಿಯಲ್ಲಿ ರೇಡಾರ್‌ನಿಂದ ಅಳೆದದ್ದು. ಕೋಪರ್ನಿಕಸ್ 30 ಮೀಟರ್ ಡೆಮ್ ಮುಖ್ಯವಾಗಿ 2011ರಿಂದ 2015ರ ರೇಡಾರ್ ಚಿತ್ರಗಳದ್ದು. ಎಸ್‌ಆರ್‌ಟಿಎಂನ ರೇಡಾರ್ ಅಲೆ ಚಳಿಗಾಲದ ಒಣ ಹಿಮದೊಳಗೆ ಮೀಟರ್‌ಗಟ್ಟಲೆ ಇಳಿದು ಮರಳುತ್ತದೆ. ಆದ್ದರಿಂದ 2000ದ ಎತ್ತರವೆಂದು ಅದನ್ನು ನೇರವಾಗಿ ನಂಬಿದರೆ ಕರಗಿದ್ದು ಕಡಿಮೆ ಕಾಣುತ್ತದೆ. ನಾನು ಕೋಪರ್ನಿಕಸ್ ಬಳಸಿ ಎನ್ನುತ್ತೇನೆ. ಅದನ್ನು ಕಾಲದ ಅಳತೆಯಾಗಿ ನೋಡಬೇಡಿ, ಗುಡ್ಡದ ಆಕಾರ ಕಳೆಯುವ ಸಾಧನವಾಗಿ ಮಾತ್ರ ಇಟ್ಟುಕೊಳ್ಳಿ. ಅದರ ಜೊತೆ ಬರುವ ತುಂಬಿಸಿದ ಜಾಗಗಳ ಪದರವನ್ನೂ ಇಳಿಸಿ. ಕಡಿದಾದ ಹಿಮಾಲಯದಲ್ಲಿ ಕೆಲವು ಚೌಕಗಳನ್ನು ಬೇರೆ ಡೆಮ್‌ಗಳಿಂದ ತೇಪೆ ಹಾಕಿದ್ದಾರೆ. ಅವುಗಳನ್ನು ಬಿಟ್ಟುಬಿಡಿ.

ಈಗ ತುಂಗಭದ್ರೆಯಲ್ಲಿ ಕಂಡ 80 ಮೀಟರ್ ನೆನಪಿಸಿಕೊಳ್ಳಿ. ಎಸ್‌ಆರ್‌ಟಿಎಂ ಎತ್ತರ ಇಜಿಎಂ96 ಎಂಬ ಜಿಯಾಯ್ಡ್ ಮಾದರಿಯಿಂದ ಎಣಿಸಿದ್ದು. ಕೋಪರ್ನಿಕಸ್ ಇಜಿಎಂ2008ರಿಂದ. ಲೇಸರ್ ಎಲಿಪ್ಸಾಯ್ಡ್‌ನಿಂದ. ಡೆಮ್‌ಗೆ ಅದರದ್ದೇ ಜಿಯಾಯ್ಡ್ ಮೌಲ್ಯ (ಎಲಿಪ್ಸಾಯ್ಡ್‌ಗಿಂತ ಜಿಯಾಯ್ಡ್ ಎಷ್ಟು ಮೇಲೆ ಅಥವಾ ಕೆಳಗಿದೆ ಎನ್ನುವ ಸಂಖ್ಯೆ) ಕೂಡಿಸಿ. ಭಾರತದಲ್ಲಿ ಈ ಮೌಲ್ಯ ಋಣ ಸಂಖ್ಯೆ, ಹಾಗಾಗಿ ಕೂಡಿಸಿದರೆ ಎತ್ತರ ಕಡಿಮೆಯಾಗಬೇಕು. ಚಿಹ್ನೆ ತಪ್ಪಿದರೆ ವ್ಯತ್ಯಾಸ ಹೋಗುವ ಬದಲು ಎರಡು ಪಟ್ಟಾಗುತ್ತದೆ. ತುಂಗಭದ್ರೆಯಲ್ಲಾದರೆ 160 ಮೀಟರ್ ಬರುತ್ತದೆ. ಇಷ್ಟು ಸ್ಪಷ್ಟ ಸುಳಿವು ಬೇರೆಲ್ಲೂ ಸಿಗುವುದಿಲ್ಲ.

ಕೆಲವರು ಕೇಳುತ್ತಾರೆ: ಮುಂದಿನ ಹಂತದಲ್ಲಿ ಹೇಗೂ ಕದಲದ ನೆಲವನ್ನು ಸೊನ್ನೆಗೆ ತರುತ್ತೇವಲ್ಲ, ಇದನ್ನು ಬಿಟ್ಟರೇನು? ಬಿಡಬಾರದು. ಹಿಮಾಲಯದಲ್ಲಿ ಜಿಯಾಯ್ಡ್ ಸಮವಾಗಿಲ್ಲ. ಕೆಲವೇ ಹತ್ತು ಕಿ.ಮೀ. ದಾಟುವಷ್ಟರಲ್ಲಿ ಮೀಟರ್‌ಗಟ್ಟಲೆ ಏರಿಳಿಯುತ್ತದೆ. ಒಂದೇ ಸಂಖ್ಯೆ ಕಳೆದರೆ ಸರಾಸರಿ ಸರಿ ಕಾಣುತ್ತದೆ, ಆದರೆ ಪ್ರದೇಶದ ಒಂದು ಕಡೆ ಏರಿಕೆ, ಇನ್ನೊಂದು ಕಡೆ ಇಳಿಕೆ ಉಳಿದುಬಿಡುತ್ತದೆ. ಅದನ್ನು ಹವಾಮಾನದ ಕಥೆ ಎಂದು ಬರೆದ ವರದಿ ನನ್ನ ಮುಂದೆ ಬಂದಿತ್ತು. ಬರೆದವರು ಮೂರು ತಿಂಗಳು ದುಡಿದಿದ್ದರು. ನನಗೆ ಬಹಳ ಬೇಜಾರಾಯಿತು.

## ಹಂತ 6: ಡೆಮ್ ಮತ್ತು ಲೇಸರ್ ಒಂದರ ಮೇಲೊಂದು ಕೂರಿಸಿ

ಇದು ಇಡೀ ಕೆಲಸದ ಜೀವಾಳ. ಡೆಮ್ ನೆಲದ ಮೇಲೆ ಸರಿಯಾಗಿ ಕೂತಿರುವುದಿಲ್ಲ, ಕೆಲವು ಮೀಟರ್ ಪಕ್ಕಕ್ಕೆ ಜಾರಿರುತ್ತದೆ. ಕೆಲವೊಮ್ಮೆ ಸಾಫ್ಟ್‌ವೇರ್ ಚೌಕದ ಮೂಲೆಯನ್ನು ನಡುವೆಂದು ತಿಳಿದು ಅರ್ಧ ಚೌಕ, ಅಂದರೆ 15 ಮೀಟರ್ ಸರಿಸಿಬಿಡುತ್ತದೆ. ಸಮತಟ್ಟು ನೆಲದಲ್ಲಿ ಇದರಿಂದ ಏನೂ ಆಗದು. ರಾಯಚೂರಿನ ಗದ್ದೆಯಲ್ಲಿ 20 ಮೀಟರ್ ಪಕ್ಕಕ್ಕೆ ಹೋದರೂ ಎತ್ತರ ಅಷ್ಟೇ ಇರುತ್ತದೆ. ಆದರೆ 30 ಡಿಗ್ರಿ ಇಳಿಜಾರಿನಲ್ಲಿ 20 ಮೀಟರ್ ಜಾರಿದರೆ ಎತ್ತರ 11.5 ಮೀಟರ್ ತಪ್ಪುತ್ತದೆ. ಬರೀ 5 ಡಿಗ್ರಿ ಇಳಿಜಾರಿನ ಹಿಮನದಿಯ ಮೇಲೂ 1.75 ಮೀಟರ್. ನೀವು ಹುಡುಕುತ್ತಿರುವುದು ವರ್ಷಕ್ಕೆ ಅರ್ಧ ಮೀಟರ್ ಆಸುಪಾಸಿನ ಬದಲಾವಣೆಯನ್ನು!

ಜಾರಿದ್ದನ್ನು ಕಂಡುಹಿಡಿಯುವುದು ಹೀಗೆ. ಕದಲದ ನೆಲದ ಬಿಂದುಗಳನ್ನು ಮಾತ್ರ ತೆಗೆದುಕೊಳ್ಳಿ. ಪ್ರತಿ ಬಿಂದುವಿನ ಎತ್ತರದ ವ್ಯತ್ಯಾಸವನ್ನು ಅಲ್ಲಿನ ಇಳಿಜಾರಿನ ಟ್ಯಾಂಜೆಂಟ್‌ನಿಂದ ಭಾಗಿಸಿ. ಅಡ್ಡಕ್ಕೆ ಇಳಿಜಾರು ಮುಖ ಮಾಡಿದ ದಿಕ್ಕು, ಉದ್ದಕ್ಕೆ ಈ ಭಾಗಲಬ್ಧ ಇಟ್ಟು ಗ್ರಾಫ್ ಹಾಕಿ. ಡೆಮ್ ಜಾರಿದ್ದರೆ ಬಿಂದುಗಳು ಒಂದು ಅಲೆಯಂತೆ ಕೂರುತ್ತವೆ. ಅಲೆಯ ಎತ್ತರವೇ ಎಷ್ಟು ಜಾರಿದೆ ಎನ್ನುವುದು. ಅಲೆಯ ತುದಿ ಇರುವ ದಿಕ್ಕೇ ಎತ್ತ ಜಾರಿದೆ ಎನ್ನುವುದು. ನಥ್ ಮತ್ತು ಕೇಬ್ 2011ರಲ್ಲಿ ಪ್ರಕಟಿಸಿದ ವಿಧಾನ ಇದು, ಎಕ್ಸ್‌ಡೆಮ್‌ನಲ್ಲಿ ಸಿದ್ಧವಾಗಿದೆ. 5 ಡಿಗ್ರಿಗಿಂತ ಕಡಿಮೆ ಇಳಿಜಾರು ಬಿಡಿ, ಅಲ್ಲಿ ಭಾಗಾಕಾರ ಸಿಡಿಯುತ್ತದೆ. 40 ಡಿಗ್ರಿಗಿಂತ ಜಾಸ್ತಿಯೂ ಬೇಡ. ಡೆಮ್ ಸರಿಸಿ, ಮತ್ತೆ ಗ್ರಾಫ್ ಹಾಕಿ. ಅಲೆ ಮಾಯವಾಗುವವರೆಗೆ ಮಾಡಿ. ಸಾಮಾನ್ಯವಾಗಿ ಕೆಲವೇ ಸುತ್ತು ಸಾಕಾಗುತ್ತದೆ.

ಇದನ್ನೂ ಮೊದಲು ಊರಲ್ಲೇ ಕಲಿಯಿರಿ. ಆನೆಗೊಂದಿ, ಗಂಗಾವತಿ ಕಡೆಯ ಬಂಡೆಗುಡ್ಡಗಳು ಕದಲುವುದಿಲ್ಲ, ಎಲ್ಲ ದಿಕ್ಕಿಗೂ ಮುಖ ಮಾಡಿವೆ. ಬಂಡೆಗಳು ಒರಟಾಗಿರುವುದರಿಂದ ಬಿಂದುಗಳು ಚದುರುತ್ತವೆ, ಆದರೂ ಅಲೆಯ ಆಕಾರ ಅರ್ಥವಾಗುತ್ತದೆ. ಡೆಮ್ ಅನ್ನು ನೀವೇ ಬೇಕೆಂದು 30 ಮೀಟರ್ ಪೂರ್ವಕ್ಕೆ ಸರಿಸಿ, ವಿಧಾನ ಅದನ್ನು ಹಿಡಿಯುತ್ತದಾ ನೋಡಿ. ಆಮೇಲೆ ಎಸ್‌ಆರ್‌ಟಿಎಂ ಇಟ್ಟುಕೊಂಡು ಸಂಡೂರಿನ ಗಣಿಗಳ ಮೇಲೆ ಹಾದ ಗೆರೆಗಳನ್ನು ತೆಗೆಯಿರಿ. ಅದಿರು ತೋಡಿದ ಕಡೆ ನೆಲ ಇಳಿದಿರುತ್ತದೆ, ಮಣ್ಣು ಸುರಿದ ಕಡೆ ಏರಿರುತ್ತದೆ. ನಿಜವಾದ ಬದಲಾವಣೆ ಹೇಗೆ ಕಾಣುತ್ತದೆ, ಜಾರಿದ ಡೆಮ್ ಹೇಗೆ ಕಾಣುತ್ತದೆ ಎನ್ನುವುದು ಒಂದೇ ಮಧ್ಯಾಹ್ನದಲ್ಲಿ ಕಣ್ಣಿಗೆ ಹತ್ತುತ್ತದೆ.

ಒಂದು ಎಚ್ಚರಿಕೆ: ಜೋಡಣೆಗೆ ಹಿಮನದಿಯ ಬಿಂದುಗಳನ್ನು ಅಪ್ಪಿತಪ್ಪಿಯೂ ಸೇರಿಸಬೇಡಿ. ಸೇರಿಸಿದರೆ ಕರಗಿದ್ದನ್ನೇ ದೋಷವೆಂದು ತಿಳಿದು ವಿಧಾನ ಅಳಿಸಿಬಿಡುತ್ತದೆ.

## ಹಂತ 7: ಋತು ನೋಡಿ ಕಳೆಯಿರಿ

ಈಗ ಕಳೆಯಬಹುದು. ಬಿಂದು ಬಿದ್ದ ಚೌಕದ ಎತ್ತರವನ್ನೇ ಎತ್ತಿಕೊಳ್ಳಬೇಡಿ. ಸುತ್ತಲಿನ ನಾಲ್ಕು ಚೌಕಗಳಿಂದ ನಡುವಿನ ಮೌಲ್ಯ ಲೆಕ್ಕ ಹಾಕಿಸಿ.

ಪಶ್ಚಿಮ ಹಿಮಾಲಯದಲ್ಲಿ ಚಳಿಗಾಲದ ಹಿಮ ಮೀಟರ್‌ಗಟ್ಟಲೆ ಕೂರುತ್ತದೆ. ಮಾರ್ಚ್ ಅಳತೆಯನ್ನು ಅಕ್ಟೋಬರ್ ಅಳತೆಯ ಪಕ್ಕ ಇಟ್ಟರೆ ಕಾಣುವುದು ಆ ಹಿಮವೇ ಹೊರತು ಹಿಮನದಿಯ ಕಥೆಯಲ್ಲ. ಕರಗುವ ಕಾಲ ಮುಗಿದ ಮೇಲೆ, ಅಕ್ಟೋಬರ್–ನವೆಂಬರ್ ಅಳತೆಗಳನ್ನು ಮಾತ್ರ ಇಟ್ಟುಕೊಳ್ಳಿ. ಬಿಂದುಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಹೊಟ್ಟೆ ಉರಿಯುತ್ತದೆ, ಆದರೂ ಬಿಡಿ.

ಹೆಚ್ಚು ವರ್ಷ ಬೇಕೆಂದರೆ ಹಳೆಯ ಐಸ್‌ಸ್ಯಾಟ್ ಸೇರಿಸಿ. ಅದು 2003ರಿಂದ 2009ರವರೆಗೆ, ವರ್ಷಕ್ಕೆ ಕೆಲವೇ ವಾರ ಅಳೆಯಿತು. ಚುಕ್ಕೆ 70 ಮೀಟರ್ ಅಗಲ, ಚುಕ್ಕೆಗಳ ನಡುವೆ ಸುಮಾರು 170 ಮೀಟರ್. ಅದರ ಶರತ್ಕಾಲದ ಅಳತೆಗಳು ನಮ್ಮ ಕೆಲಸಕ್ಕೆ ಸರಿಯಾಗಿ ಹೊಂದುತ್ತವೆ. ಆದರೆ ಅದು ಬಳಸಿದ ಎಲಿಪ್ಸಾಯ್ಡ್ ಬೇರೆ. ಅದರ ಎತ್ತರಗಳಿಂದ ಸುಮಾರು 0.7 ಮೀಟರ್ ಕಳೆದರೆ ಮಾತ್ರ ಐಸ್‌ಸ್ಯಾಟ್-2ರ ಜೊತೆ ಹೋಲಿಸಬಹುದು. ಮರೆತರೆ 15 ವರ್ಷದಲ್ಲಿ ಇಲ್ಲದ 0.7 ಮೀಟರ್ ಇಳಿಕೆ ಹುಟ್ಟಿಕೊಳ್ಳುತ್ತದೆ. ನೋಡಲು ಅದು ನಿಜವಾದ ಹಿಮನದಿಯ ಸಂಖ್ಯೆಯಂತೆಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

## ಹಂತ 8: ಎತ್ತರದ ಪಟ್ಟಿಗಳಾಗಿ ವಿಂಗಡಿಸಿ

ಎಲ್ಲ ಬಿಂದುಗಳ ಸರಾಸರಿ ಸುಮ್ನೆ ತೆಗೆದುಬಿಡುವುದು ಸಾಮಾನ್ಯ ತಪ್ಪು. ಈ ವರ್ಷ ಗೆರೆಗಳು ಮೂತಿಯ ಮೇಲೆ ಜಾಸ್ತಿ ಬಿದ್ದು, ಮುಂದಿನ ವರ್ಷ ತಲೆಯ (ಮೇಲ್ತುದಿಯ) ಮೇಲೆ ಬಿದ್ದರೆ ಸರಾಸರಿ ತಾನಾಗಿಯೇ ಬದಲಾಗುತ್ತದೆ. ಹಿಮನದಿಯನ್ನು 100 ಮೀಟರ್ ಎತ್ತರದ ಪಟ್ಟಿಗಳಾಗಿ ಭಾಗ ಮಾಡಿ. ಪ್ರತಿ ಪಟ್ಟಿಗೆ, ಪ್ರತಿ ವರ್ಷಕ್ಕೆ ಮಧ್ಯಾಂಕ ತೆಗೆಯಿರಿ. ಪಟ್ಟಿಯ ಮಧ್ಯಾಂಕಕ್ಕಿಂತ ತೀರಾ ದೂರ ಇರುವವನ್ನು ಬಿಡಿ. ನಂತರ ವರ್ಷಗಳ ಮೂಲಕ ಗೆರೆ ಎಳೆದು ಇಳಿಕೆಯ ದರ ಪಡೆಯಿರಿ. ಕೊನೆಗೆ ಪ್ರತಿ ಪಟ್ಟಿಯ ದರವನ್ನು ಆ ಪಟ್ಟಿಯ ವಿಸ್ತೀರ್ಣದಿಂದ ಗುಣಿಸಿ ಕೂಡಿಸಿ.

ಪಟ್ಟಿಗಳ ಗ್ರಾಫ್ ಓದುವಾಗ ಒಂದು ಮಾತು ತಲೆಯಲ್ಲಿರಲಿ. ಒಂದು ಜಾಗದಲ್ಲಿ ಎತ್ತರ ಇಳಿದದ್ದು ಎಂದರೆ ಅಲ್ಲಿ ಅಷ್ಟೇ ಕರಗಿತು ಎಂದಲ್ಲ. ಹಿಮನದಿ ಹರಿಯುತ್ತದೆ. ಮೇಲಿನಿಂದ ಹಿಮ ಬಂದು ಕೆಳಗೆ ತುಂಬಿಕೊಳ್ಳುತ್ತಿರುತ್ತದೆ. ಆದ್ದರಿಂದ "ಈ ಪಟ್ಟಿಯಲ್ಲಿ ಇಷ್ಟು ಕರಗಿತು" ಎಂದು ಬರೆಯಬೇಡಿ, "ಇಷ್ಟು ಇಳಿಯಿತು" ಎನ್ನಿ. ಒಟ್ಟು ಹಿಮನದಿಗೆ ಕೂಡಿಸಿದಾಗ ಮಾತ್ರ ಲಾಭ ನಷ್ಟದ ಮಾತು ಸರಿಯಾಗುತ್ತದೆ.

## ಹಂತ 9: ಅನಿಶ್ಚಿತತೆಯನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ

ಕದಲದ ನೆಲದ ವ್ಯತ್ಯಾಸಗಳು 3 ಮೀಟರ್ ಚದುರಿವೆ, ಹಿಮನದಿಯ ಮೇಲೆ 400 ತುಂಡುಗಳಿವೆ ಎನ್ನಿ. ಪುಸ್ತಕದ ಸೂತ್ರದಂತೆ 3 ಅನ್ನು 400ರ ವರ್ಗಮೂಲದಿಂದ ಭಾಗಿಸಿದರೆ 0.15 ಮೀಟರ್. ಎಷ್ಟು ಚೆಂದ ಅನಿಸುತ್ತದೆ. ಆದರೆ ಆ 400 ತುಂಡುಗಳು ಬರೀ 9 ಸಲ ಉಪಗ್ರಹ ಹಾದಾಗ ಬಂದವು. ಅಕ್ಕಪಕ್ಕದ ತುಂಡುಗಳು ಅರ್ಧ ಹಂಚಿಕೊಂಡಿವೆ, ಒಂದೇ ಹಾಯುವಿಕೆಯ ತಪ್ಪು ಎಲ್ಲಕ್ಕೂ ತಗಲುತ್ತದೆ. 9ರ ವರ್ಗಮೂಲದಿಂದ ಭಾಗಿಸಿ: 1 ಮೀಟರ್. ನಿಜ ಈ ಎರಡರ ನಡುವೆ ಎಲ್ಲೋ ಇದೆ. ಪರೀಕ್ಷಕರ ಮುಂದೆ ನಿಲ್ಲುವಾಗ ದೊಡ್ಡ ಸಂಖ್ಯೆಯನ್ನೇ ಹೇಳಿ.

## ಹಂತ 10: ಎತ್ತರದಿಂದ ನೀರಿಗೆ

ಇಳಿಕೆಯನ್ನು ವಿಸ್ತೀರ್ಣದಿಂದ ಗುಣಿಸಿದರೆ ಘನ ಅಳತೆ. ಅದನ್ನು ತೂಕ ಮಾಡಲು ಘನ ಮೀಟರ್‌ಗೆ 850 ಕಿಲೋ ಎಂದು ಹಿಡಿಯುವುದು ರೂಢಿ, 60 ಕಿಲೋ ಆಚೀಚೆ. ಐದು ವರ್ಷಕ್ಕಿಂತ ಕಡಿಮೆ ಅವಧಿಗೆ ಈ ಸಂಖ್ಯೆ ಬಳಸಬೇಡಿ. ಆಗ ಹೊಸ ಹಿಮದ ಪಾಲು ಜಾಸ್ತಿ, ಅದು ಹಗುರ.

ಒಂದು ಉದಾಹರಣೆ. 100 ಚದರ ಕಿ.ಮೀ. ಹಿಮನದಿ ವರ್ಷಕ್ಕೆ 0.5 ಮೀಟರ್ ಇಳಿದರೆ 5 ಕೋಟಿ ಘನ ಮೀಟರ್ ಹಿಮ ಹೋಯಿತು. ನೀರಿನ ಲೆಕ್ಕದಲ್ಲಿ 4.25 ಕೋಟಿ ಘನ ಮೀಟರ್. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಹಾಗಾಗಿ ಸುಮಾರು ಒಂದೂವರೆ ಟಿಎಂಸಿ. ತುಂಗಭದ್ರೆಯ ಲೆಕ್ಕ ಕೇಳಿ ಬೆಳೆದ ನಮಗೆ ಈ ಸಂಖ್ಯೆ ತಕ್ಷಣ ಮನಸ್ಸಿಗೆ ಮುಟ್ಟುತ್ತದೆ. ವರದಿಯಲ್ಲಿ ಎರಡೂ ಬರೆಯಿರಿ.

## ಇವು ಕಂಡರೆ ಕೆಲಸ ನಿಲ್ಲಿಸಿ

ಕದಲದ ನೆಲದ ಮಧ್ಯಾಂಕ ಅರ್ಧ ಮೀಟರ್‌ಗಿಂತ ಜಾಸ್ತಿ ಇದ್ದರೆ ಹಂತ 5ಕ್ಕೆ ಹಿಂತಿರುಗಿ. ವ್ಯತ್ಯಾಸದ ನಕ್ಷೆಯಲ್ಲಿ ಕಣಿವೆಯ ಒಂದು ಬದಿ ಕೆಂಪು (ಇಳಿಕೆ), ಎದುರು ಬದಿ ನೀಲಿ (ಏರಿಕೆ) ಕಂಡರೆ ಹಂತ 6 ಮುಗಿದಿಲ್ಲ. ಮೂತಿಗಿಂತ ಹಿಮನದಿಯ ತಲೆಯಲ್ಲಿ ಜಾಸ್ತಿ ಇಳಿಕೆ ಬಂದರೆ, ಡೆಮ್‌ನ ತೇಪೆ ಹಾಕಿದ ಚೌಕಗಳು ಒಳಗೆ ಉಳಿದಿವೆಯಾ ನೋಡಿ. ಒಂದೇ ವರ್ಷ ಎಲ್ಲ ಪಟ್ಟಿಗಳೂ ಒಟ್ಟಿಗೆ ಜಿಗಿದರೆ, ಆ ವರ್ಷದ ಅಳತೆಗಳ ದಿನಾಂಕ ತೆಗೆದು ನೋಡಿ. ಹೊಸ ಹಿಮ ಬಿದ್ದ ಮೇಲಿನ ಒಂದೆರಡು ಹಾಯುವಿಕೆಗಳೇ ಇರಬಹುದು.

ಹೋಲಿಕೆಗೆ ಒಂದು ಅಳತೆಗೋಲು ಇಟ್ಟುಕೊಳ್ಳಿ. ಹಿಮಾಲಯದ 650 ಹಿಮನದಿಗಳನ್ನು ಉಪಗ್ರಹ ಚಿತ್ರಗಳಿಂದ ಅಳೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 2000ದಿಂದ 2016ರವರೆಗೆ ನಷ್ಟ ವರ್ಷಕ್ಕೆ ಸುಮಾರು 0.43 ಮೀಟರ್ ನೀರಿಗೆ ಸಮ ಬಂದಿತ್ತು. ನಿಮ್ಮ ಪ್ರದೇಶದ ಸಂಖ್ಯೆ ಇದರ ಮೂರು ನಾಲ್ಕು ಪಟ್ಟು ಬಂದರೆ ಹೊಸ ಸಂಗತಿ ಸಿಕ್ಕಿತೆಂದು ಬರೆಯಲು ಕೂರಬೇಡಿ. ನೋಟ್‌ಬುಕ್ ತೆರೆಯಿರಿ, ಪ್ರತಿ ಹಂತದಲ್ಲಿ ಉಳಿದ ಬಿಂದುಗಳ ಎಣಿಕೆ ನೋಡುತ್ತಾ ಹಿಂದಕ್ಕೆ ಹೋಗಿ. ಎಣಿಕೆ ಎಲ್ಲಿ ಇದ್ದಕ್ಕಿದ್ದಂತೆ ಬಿದ್ದಿದೆಯೋ, ಅಥವಾ ಬೀಳಬೇಕಾದ ಕಡೆ ಬಿದ್ದಿಲ್ಲವೋ, ಆ ಹಂತದಿಂದ ಮತ್ತೆ ಮಾಡಿ.